ಒಂದೇ ಜ್ಯಾಂಗೋ ಡಿಪ್ಲಾಯ್‌ಮೆಂಟ್‌ನಲ್ಲಿ ಹಲವು ವೆಬ್ ಅಪ್ಲಿಕೇಶನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜ್ಯಾಂಗೋ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಸೈಟ್ ಕಟ್ಟುವ ಚೌಕಟ್ಟು. ಅದರಲ್ಲಿ ಒಂದು ಸೈಟ್ ಓಡಿಸಿ ಗೊತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಫೈಲ್‌ನಲ್ಲಿ ಅವು ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ, ಅಷ್ಟೇ ವ್ಯತ್ಯಾಸ.

ಒಂದೇ ಜ್ಯಾಂಗೋದಲ್ಲಿ ಎರಡು ಮೂರು ಸೈಟ್ ಓಡಿಸಬಹುದಾ?

ಓಡಿಸಬಹುದು. ಜ್ಯಾಂಗೋ ಬೆಳೆದದ್ದೇ ಅಂಥ ಜಾಗದಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆಯೊಂದು ಎರಡು ಸೈಟ್ ನಡೆಸುತ್ತಿತ್ತು. ಒಂದು ಸುದ್ದಿಗೆ, ಇನ್ನೊಂದು ಊರಿನ ಮನರಂಜನೆಗೆ. ಕೆಲವು ಬರಹಗಳು ಎರಡರಲ್ಲೂ ಬರಬೇಕಿತ್ತು. ಒಂದೇ ಬರಹವನ್ನು ಎರಡು ಸಲ ಹಾಕುವುದು ಬೇಡ ಎಂದು 'ಸೈಟ್ಸ್' ಎಂಬ ಭಾಗವನ್ನು ಕಟ್ಟಿಕೊಂಡರು. 2005ರಲ್ಲಿ ಜ್ಯಾಂಗೋ ಎಲ್ಲರಿಗೂ ಸಿಕ್ಕಿತು. ಆ ಭಾಗ ಇವತ್ತಿಗೂ ಅದರ ಜೊತೆಗೇ ಬರುತ್ತದೆ.

ದಾರಿಗಳು ಎಷ್ಟಿವೆ? ನನಗೆ ಯಾವುದು ಸರಿ?

ಮುಖ್ಯವಾಗಿ ಮೂರು.

ಮೊದಲನೆಯದು, ಒಂದೇ ಪ್ರಾಜೆಕ್ಟ್, ಒಂದೇ ಪ್ರೊಸೆಸ್ (ಸರ್ವರ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ). ಯಾವ ಡೊಮೇನ್‌ಗೆ ಕರೆ ಬಂತು ಎಂದು ನೋಡಿ ಬೇರೆ ಬೇರೆ ಪುಟ ತೋರಿಸುವುದು. ಎರಡನೆಯದು, ಕೋಡ್ ಒಂದೇ, ಆದರೆ ಸೈಟಿಗೊಂದು ಸೆಟ್ಟಿಂಗ್ಸ್ ಫೈಲ್, ಸೈಟಿಗೊಂದು ಪ್ರೊಸೆಸ್. ಮೂರನೆಯದು, ಎಲ್ಲವೂ ಬೇರೆ ಬೇರೆ ಪ್ರಾಜೆಕ್ಟ್, ಮೆಷೀನ್ ಮಾತ್ರ ಒಂದೇ.

ಆರಿಸುವಾಗ 'ಎಷ್ಟು ಸೈಟ್ ಇವೆ' ಎಂದು ಕೇಳಬೇಡಿ. 'ಇವು ಏನನ್ನು ಹಂಚಿಕೊಳ್ಳುತ್ತವೆ' ಎಂದು ಕೇಳಿ. ಬಳಕೆದಾರರೂ ಮಾಹಿತಿಯೂ ಒಂದೇ ಆಗಿದ್ದರೆ ಮೊದಲನೆಯ ದಾರಿ. ಕೋಡ್ ಒಂದೇ, ಮಾಹಿತಿ ಬೇರೆ ಆದರೆ ಎರಡನೆಯದು. ಹಂಚಿಕೊಳ್ಳುವುದು ಸರ್ವರ್ ಬಾಡಿಗೆ ಮಾತ್ರ ಎಂದಾದರೆ ಮೂರನೆಯದೇ ಸರಿ. ಸುಮ್ನೆ ಒಂದೇ ಪ್ರೊಸೆಸ್‌ಗೆ ತುರುಕಬೇಡಿ. ಮೊದಲ ವಾರ ಸುಲಭ ಅನಿಸುತ್ತದೆ. ಆಮೇಲೆ ಒಂದು ಸೈಟಿನ ಲೈಬ್ರರಿ ಅಪ್‌ಗ್ರೇಡ್ ಮಾಡಲು ಉಳಿದೆಲ್ಲ ಸೈಟುಗಳ ಅಪ್ಪಣೆ ಬೇಕಾಗುತ್ತದೆ.

ಒಂದು ಸಣ್ಣ ಪರೀಕ್ಷೆ ಇದೆ. ಒಬ್ಬರೇ ಒಂದೇ ಇಮೇಲ್ ಕೊಟ್ಟು ಎರಡೂ ಸೈಟಿನಲ್ಲಿ ಖಾತೆ ತೆರೆದರು ಅಂದುಕೊಳ್ಳಿ. ಅದು ಒಂದೇ ಖಾತೆಯಾಗಬೇಕಾ, ಎರಡಾಗಬೇಕಾ? ಒಂದು ಪ್ರಾಜೆಕ್ಟಿಗೆ ಯೂಸರ್ ಮಾಡೆಲ್ ಒಂದೇ ಇರಲು ಸಾಧ್ಯ. 'ಎರಡು ಖಾತೆ' ಎನ್ನುವುದು ನಿಮ್ಮ ಉತ್ತರವಾದರೆ ಮೊದಲನೆಯ ದಾರಿಯನ್ನು ಅಲ್ಲಿಗೇ ಬಿಡಿ.

ಪ್ರಾಜೆಕ್ಟ್ ಮತ್ತು ಆ್ಯಪ್ ಬೇರೆ ಬೇರೆ ಅಲ್ವಾ?

ಹೌದು. ಜ್ಯಾಂಗೋದಲ್ಲಿ ಆ್ಯಪ್ ಅಂದರೆ ಕೋಡಿನ ಒಂದು ಭಾಗ. ಲೇಖನ, ಪಾವತಿ, ಕಾಮೆಂಟ್, ಹೀಗೆ. ಅವುಗಳನ್ನು ಸೇರಿಸಿ ಓಡುವಂತೆ ಮಾಡುವ ಸೆಟ್ಟಿಂಗ್ಸ್ ಮತ್ತು ಯುಆರ್‌ಎಲ್ ಪಟ್ಟಿಯೇ ಪ್ರಾಜೆಕ್ಟ್. ನಾವು ಇಲ್ಲಿ ಮಾತಾಡುತ್ತಿರುವುದು ಹೊರಗಿನವರಿಗೆ ಬೇರೆ ಬೇರೆ ಸೈಟಾಗಿ ಕಾಣುವ ಅಪ್ಲಿಕೇಶನ್‌ಗಳ ಬಗ್ಗೆ.

ಒಂದೇ ಪ್ರೊಸೆಸ್‌ನಲ್ಲಿ ಎರಡು ಸೆಟ್ಟಿಂಗ್ಸ್ ಫೈಲ್ ಓದಿಸಬಹುದಾ?

ಆಗುವುದಿಲ್ಲ. ಸೆಟ್ಟಿಂಗ್ಸ್ ಆಬ್ಜೆಕ್ಟ್ ಇಡೀ ಪ್ರೊಸೆಸ್‌ಗೆ ಒಂದೇ. ಆ್ಯಪ್‌ಗಳ ಪಟ್ಟಿಯೂ ಒಂದೇ. ಮೊದಲು ಯಾವುದು ಓದಿಕೊಂಡಿತೋ ಅದೇ ಉಳಿಯುತ್ತದೆ.

ಇದು ಗೊತ್ತಿಲ್ಲದೆ ಸಿಕ್ಕಿಬೀಳುವುದು ಅಪಾಚೆ ವೆಬ್ ಸರ್ವರ್ ಮತ್ತು ಅದರೊಳಗೆ ಪೈಥಾನ್ ಓಡಿಸುವ ಮಾಡ್_ಡಬ್ಲ್ಯುಎಸ್‌ಜಿಐ ಬಳಸುವವರು. ಜ್ಯಾಂಗೋ ತಾನೇ ಬರೆದುಕೊಡುವ ಡಬ್ಲ್ಯುಎಸ್‌ಜಿಐ ಫೈಲ್ ಸೆಟ್ಟಿಂಗ್ಸ್ ಹೆಸರನ್ನು 'ಸೆಟ್‌ಡಿಫಾಲ್ಟ್' ಮೂಲಕ ಇಡುತ್ತದೆ. ಅಂದರೆ ಮೊದಲೇ ಯಾರಾದರೂ ಇಟ್ಟಿದ್ದರೆ ಅದನ್ನು ಮುಟ್ಟುವುದಿಲ್ಲ. ಎರಡು ಸೈಟ್ ಒಂದೇ ಪ್ರೊಸೆಸ್‌ಗೆ ಬಂದರೆ ಮೊದಲು ಕರೆ ಬಂದ ಸೈಟಿನ ಸೆಟ್ಟಿಂಗ್ಸ್ ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ. ರೀಸ್ಟಾರ್ಟ್ ಆದಮೇಲೆ ಯಾವುದಕ್ಕೆ ಮೊದಲು ಕರೆ ಬರುತ್ತದೆ ಎಂಬುದರ ಮೇಲೆ ತೊಂದರೆ ಕಾಣುತ್ತದೆ, ಮಾಯವಾಗುತ್ತದೆ. ಸೆಟ್‌ಡಿಫಾಲ್ಟ್ ತೆಗೆದು ಸೆಟ್ಟಿಂಗ್ಸ್ ಹೆಸರನ್ನು ನೇರವಾಗಿ ಇಡುವುದು ಅರ್ಧ ಮದ್ದು. ಸೈಟಿಗೊಂದು ಡೀಮನ್ ಪ್ರೊಸೆಸ್ ಕೊಡುವುದು ಪೂರ್ತಿ ಮದ್ದು.

ಸೈಟಿಗೊಂದು ಸೆಟ್ಟಿಂಗ್ಸ್ ಫೈಲ್ ಇಡುವುದಾದರೆ ಹೇಗೆ ಜೋಡಿಸಬೇಕು?

ಸೆಟ್ಟಿಂಗ್ಸ್ ಎಂಬ ಫೋಲ್ಡರ್ ಮಾಡಿ. ಒಳಗೆ ಬೇಸ್ ಎಂಬ ಫೈಲಿನಲ್ಲಿ ಎಲ್ಲರಿಗೂ ಬೇಕಾದದ್ದು ಇರಲಿ. ಪ್ರತಿ ಸೈಟಿನ ಫೈಲ್ ಬೇಸನ್ನು ಪೂರ್ತಿ ಇಂಪೋರ್ಟ್ ಮಾಡಿಕೊಂಡು ತನಗೆ ಬೇಕಾದ ನಾಲ್ಕೈದನ್ನು ಮಾತ್ರ ಬದಲಿಸಲಿ: ಸೈಟ್_ಐಡಿ, ಅಲೌಡ್_ಹೋಸ್ಟ್ಸ್, ರೂಟ್_ಯುಆರ್‌ಎಲ್‌ಕಾನ್ಫ್, ಡೇಟಾಬೇಸ್, ಕುಕಿ ಹೆಸರು. ಬೇಸ್ ಫೈಲಿನಲ್ಲಿ 'ಈ ಸೈಟಾದರೆ ಹೀಗೆ, ಆ ಸೈಟಾದರೆ ಹಾಗೆ' ಎಂಬ ಇಫ್‌ಗಳು ನುಸುಳದಂತೆ ಕಾಯಿರಿ. ಒಂದು ಬಂದರೆ ಹತ್ತು ಬರುತ್ತವೆ.

ಓಡಿಸಲು ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಟೆಂಪ್ಲೇಟ್ ಯುನಿಟ್ ಚೆನ್ನಾಗಿ ಹೊಂದುತ್ತದೆ. ಹೆಸರಿನಲ್ಲಿ ಅಟ್ ಚಿಹ್ನೆ ಇರುವ ಒಂದೇ ಫೈಲ್ ಬರೆದರೆ ಸಾಕು. ಅದರ ಮುಂದೆ ಸೈಟಿನ ಹೆಸರು ಕೊಟ್ಟಾಗ ಆ ಹೆಸರೇ ಸೆಟ್ಟಿಂಗ್ಸ್ ಮಾಡ್ಯೂಲಿಗೂ, ಜ್ಯಾಂಗೋವನ್ನು ಓಡಿಸುವ ಗುನಿಕಾರ್ನ್ ಸರ್ವರ್‌ನ ಸಾಕೆಟ್‌ಗೂ ಹೋಗುತ್ತದೆ. ಹೊಸ ಸೈಟ್ ಬಂದಾಗ ಹೊಸ ಯುನಿಟ್ ಫೈಲ್ ಬರೆಯುವ ಕೆಲಸ ಇರುವುದಿಲ್ಲ.

ಒಂದು ಅಪಾಯ ಇದೆ. ಮ್ಯಾನೇಜ್ ಡಾಟ್ ಪೈ ಕೂಡ ಸೆಟ್‌ಡಿಫಾಲ್ಟನ್ನೇ ಬಳಸುತ್ತದೆ. ಟರ್ಮಿನಲ್‌ನಲ್ಲಿ ಹಳೆಯ ಎನ್ವಿರಾನ್‌ಮೆಂಟ್ ವೇರಿಯಬಲ್ ಉಳಿದಿದ್ದರೆ ನೀವು ಮೈಗ್ರೇಟ್ ಮಾಡುವುದು (ಟೇಬಲ್‌ಗಳನ್ನು ಮಾಡೆಲ್‌ಗೆ ತಕ್ಕಂತೆ ಬದಲಿಸುವುದು) ಬೇರೆಯೇ ಸೈಟಿನ ಡೇಟಾಬೇಸನ್ನು! ಮೈಗ್ರೇಟ್‌ನಂಥ ಕಮಾಂಡ್‌ಗೆ ಯಾವಾಗಲೂ ಸೆಟ್ಟಿಂಗ್ಸ್ ಆಯ್ಕೆಯನ್ನು ಕೈಯಾರೆ ಕೊಡಿ.

ಒಂದೇ ಪ್ರೊಸೆಸ್‌ನಲ್ಲಿ ಡೊಮೇನ್ ನೋಡಿ ಬೇರೆ ಯುಆರ್‌ಎಲ್ ಪಟ್ಟಿ ಕೊಡುವುದು ಹೇಗೆ?

ಪ್ರತಿ ಕರೆಯನ್ನೂ ವ್ಯೂಗೆ ಹೋಗುವ ಮುಂಚೆ ನೋಡುವ ಸಣ್ಣ ಮಿಡಲ್‌ವೇರ್ ಸಾಕು. ರಿಕ್ವೆಸ್ಟಿನಿಂದ ಗೆಟ್_ಹೋಸ್ಟ್ ಕರೆದು ಡೊಮೇನ್ ತೆಗೆದುಕೊಳ್ಳಿ. ಒಂದು ಡಿಕ್ಷನರಿಯಲ್ಲಿ ಆ ಡೊಮೇನಿಗೆ ಸೇರಿದ ಯುಆರ್‌ಎಲ್ ಮಾಡ್ಯೂಲಿನ ಹೆಸರು ಹುಡುಕಿ. ಅದನ್ನು ರಿಕ್ವೆಸ್ಟಿನ 'ಯುಆರ್‌ಎಲ್‌ಕಾನ್ಫ್' ಎಂಬ ಗುಣಕ್ಕೆ ಇಡಿ. ಆ ಒಂದು ಕರೆಯ ಮಟ್ಟಿಗೆ ರೂಟ್_ಯುಆರ್‌ಎಲ್‌ಕಾನ್ಫ್ ಬದಲು ಇದೇ ನಡೆಯುತ್ತದೆ. ಪುಟದ ಹೆಸರು ಕೊಟ್ಟರೆ ಯುಆರ್‌ಎಲ್ ಹೇಳುವ ರಿವರ್ಸ್ ಫಂಕ್ಷನ್ನನ್ನು ವ್ಯೂ ಒಳಗೆ ಕರೆದರೂ ಇದೇ ಪಟ್ಟಿಯನ್ನು ನೋಡುತ್ತದೆ.

ಆದರೆ ಒಂದು ಸೈಟಿನಿಂದ ಇನ್ನೊಂದು ಸೈಟಿನ ಪುಟಕ್ಕೆ ಲಿಂಕ್ ಕೊಡಬೇಕಾದಾಗ ರಿವರ್ಸ್‌ಗೆ ಆ ಇನ್ನೊಂದು ಸೈಟಿನ ಪಟ್ಟಿಯ ಹೆಸರನ್ನು ಹೇಳಬೇಕು. ಅದು ಕೊಡುವುದು ಪಾತ್ ಮಾತ್ರ. ಡೊಮೇನನ್ನು ನೀವೇ ಮುಂದೆ ಸೇರಿಸಬೇಕು. ಇದಕ್ಕೊಂದು ಫಂಕ್ಷನ್ ಬರೆದು ಎಲ್ಲ ಕಡೆಯೂ ಅದನ್ನೇ ಕರೆಯಿರಿ.

ಸೈಟ್_ಐಡಿ ಇಡಬೇಕಾ, ಬಿಡಬೇಕಾ?

'ಈಗಿನ ಸೈಟ್ ಇದು' ಎಂದು ಸೈಟ್ಸ್ ಭಾಗಕ್ಕೆ ಹೇಳುವ ಸಂಖ್ಯೆ ಅದು. ಸೈಟಿಗೊಂದು ಪ್ರೊಸೆಸ್ ಇದ್ದರೆ ಇಡಿ. ಒಂದೇ ಪ್ರೊಸೆಸ್ ಎಲ್ಲ ಡೊಮೇನಿಗೂ ಉತ್ತರ ಕೊಡುತ್ತಿದ್ದರೆ ಬಿಡಿ. ಬಿಟ್ಟಾಗ ಜ್ಯಾಂಗೋ ಕರೆ ಬಂದ ಡೊಮೇನನ್ನು ಸೈಟ್ ಟೇಬಲ್‌ನಲ್ಲಿ ಹುಡುಕುತ್ತದೆ. ಇದರಿಂದ ಮೂರು ಕಿರಿಕಿರಿ ಬರಬಹುದು.

ಟೇಬಲ್‌ನಲ್ಲಿ ಡೊಮೇನ್ ಸಿಗದಿದ್ದರೆ ನೇರ ಎರರ್. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಅದಕ್ಕೆ ಬೇರೆ ಬೇರೆ. ಆದ್ದರಿಂದ ಎರಡರಲ್ಲಿ ಒಂದಕ್ಕೆ ವೆಬ್ ಸರ್ವರ್ ಮಟ್ಟದಲ್ಲೇ ರೀಡೈರೆಕ್ಟ್ ಮಾಡಿ. ಎರಡನೆಯದಾಗಿ, ಮ್ಯಾನೇಜ್‌ಮೆಂಟ್ ಕಮಾಂಡ್‌ನಲ್ಲಿ ರಿಕ್ವೆಸ್ಟೇ ಇರುವುದಿಲ್ಲ. ಅಲ್ಲಿ 'ಈಗಿನ ಸೈಟ್ ಯಾವುದು' ಎಂದು ಕೇಳಿದರೆ ಜ್ಯಾಂಗೋ ಕೈಚೆಲ್ಲುತ್ತದೆ. ಸೈಟನ್ನು ಆರ್ಗ್ಯುಮೆಂಟ್ ಆಗಿ ಕೊಡಿ. ಮೂರನೆಯದು ಕ್ಯಾಶೆ. ಸೈಟ್ ಮಾಹಿತಿಯನ್ನು ಪ್ರತಿ ಪ್ರೊಸೆಸ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅಡ್ಮಿನ್‌ನಲ್ಲಿ ಡೊಮೇನ್ ಬದಲಿಸಿದರೆ ಆ ಒಂದು ವರ್ಕರ್ ಪ್ರೊಸೆಸ್‌ಗೆ ಮಾತ್ರ ತಿಳಿಯುತ್ತದೆ. ಉಳಿದವಕ್ಕೆ ರೀಸ್ಟಾರ್ಟೇ ಗತಿ.

ಪಾಸ್‌ವರ್ಡ್ ರೀಸೆಟ್ ಇಮೇಲ್‌ನಲ್ಲಿ ಎಕ್ಸಾಂಪಲ್ ಡಾಟ್ ಕಾಮ್ ಎಂದು ಬರುತ್ತಿದೆ.

ಸೈಟ್ಸ್ ಆ್ಯಪ್ ಮೈಗ್ರೇಟ್ ಆದಾಗ ಆ ಹೆಸರಿನ ಒಂದು ಸಾಲು ತಾನೇ ಸೇರಿಕೊಳ್ಳುತ್ತದೆ. ಅದನ್ನು ನಿಮ್ಮ ಡೊಮೇನಿಗೆ ತಿದ್ದಿ, ರೀಸ್ಟಾರ್ಟ್ ಮಾಡಿ.

ಹೊಸ ಡೊಮೇನ್ ಸೇರಿಸಿದೆ, 400 ಎರರ್ ಬರುತ್ತಿದೆ.

ಅಲೌಡ್_ಹೋಸ್ಟ್ಸ್ ಪಟ್ಟಿಯಲ್ಲಿ ಡೊಮೇನ್ ಇಲ್ಲ. ಹೆಸರಿನ ಮುಂದೆ ಚುಕ್ಕಿ ಇಟ್ಟರೆ ಎಲ್ಲ ಸಬ್‌ಡೊಮೇನ್‌ಗೂ ಅನ್ವಯಿಸುತ್ತದೆ. ಬೇಸರವಾಗಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಳಗೆ ಬಿಡಬೇಡಿ. ಹಲವು ಸೈಟ್ ಇರುವ ಕಡೆ ಹೋಸ್ಟ್ ಹೆಸರೇ ಯಾವ ಮಾಹಿತಿ ತೋರಿಸಬೇಕು ಎಂದು ನಿರ್ಧರಿಸುತ್ತದೆ. ಅದನ್ನು ನಂಬಲಾಗದಿದ್ದರೆ ಏನನ್ನೂ ನಂಬಲಾಗದು.

ಪಟ್ಟಿಯಲ್ಲಿ ಇದ್ದೂ ಎರರ್ ಬಂದರೆ ಜ್ಯಾಂಗೋ ಮುಂದೆ ನಿಂತಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಕಡೆ ನೋಡಿ. ಪ್ರಾಕ್ಸಿ ಮಾಡುವಾಗ (ಕರೆಯನ್ನು ಜ್ಯಾಂಗೋಗೆ ದಾಟಿಸುವಾಗ) ಅದು ತಾನಾಗಿ ಮೂಲ ಹೋಸ್ಟ್ ಹೆಸರನ್ನು ದಾಟಿಸುವುದಿಲ್ಲ. ಪ್ರಾಕ್ಸಿ_ಪಾಸ್‌ನಲ್ಲಿ ಬರೆದ ಹೆಸರನ್ನೇ ಕಳಿಸುತ್ತದೆ. ಹೋಸ್ಟ್ ಹೆಡರ್ ಕಳಿಸುವ ಸಾಲನ್ನು ಪ್ರತಿ ಸೈಟಿಗೂ ಬರೆಯಬೇಕು. ಜೊತೆಗೆ, ಯಾವ ಸೈಟಿಗೂ ಸೇರದ ಹೆಸರಲ್ಲಿ ಬರುವ ಕರೆಗಳಿಗೆ ಒಂದು ಡಿಫಾಲ್ಟ್ ಸರ್ವರ್ ಬ್ಲಾಕ್ ಇಟ್ಟು 444 ಹಿಂತಿರುಗಿಸಿ. ಎಂಜಿನ್‌ಎಕ್ಸ್ ಉತ್ತರ ಕೊಡದೆ ಕನೆಕ್ಷನ್ ಮುಚ್ಚುತ್ತದೆ. ಆ ಬ್ಲಾಕ್ ಇಲ್ಲದಿದ್ದರೆ ಫೈಲಿನಲ್ಲಿ ಮೊದಲು ಬರೆದ ಸೈಟ್ ಎಲ್ಲ ಬೀದಿಕರೆಗಳಿಗೂ ಉತ್ತರ ಕೊಡುತ್ತಿರುತ್ತದೆ.

ಫಾರ್ಮ್ ಕಳಿಸಿದಾಗ ಮಾತ್ರ 403 ಬಂದರೆ ಅದು ಸಿಎಸ್‌ಆರ್‌ಎಫ್ ವಿಷಯ, ಅಂದರೆ ಬೇರೆ ಸೈಟಿನಿಂದ ಕಳ್ಳತನದಲ್ಲಿ ಫಾರ್ಮ್ ಕಳಿಸುವುದನ್ನು ತಡೆಯುವ ರಕ್ಷಣೆ. ಎಚ್‌ಟಿಟಿಪಿಎಸ್ ಎಂಜಿನ್‌ಎಕ್ಸ್‌ನಲ್ಲೇ ಮುಗಿಯುತ್ತಿದ್ದರೆ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್ ಇಟ್ಟಿದ್ದೀರಾ ನೋಡಿ. ಒಂದು ಸೈಟಿನ ಫಾರ್ಮ್ ಇನ್ನೊಂದಕ್ಕೆ ಹೋಗುತ್ತಿದ್ದರೆ ಸಿಎಸ್‌ಆರ್‌ಎಫ್_ಟ್ರಸ್ಟೆಡ್_ಒರಿಜಿನ್ಸ್‌ಗೆ ಸೇರಿಸಿ. 4.0 ಆವೃತ್ತಿಯಿಂದ ಅಲ್ಲಿ ಡೊಮೇನ್ ಮಾತ್ರ ಬರೆದರೆ ಸಾಲದು, ಮುಂದೆ ಎಚ್‌ಟಿಟಿಪಿಎಸ್ ಕೂಡ ಬೇಕು.

ಒಂದು ಸೈಟಿಗೆ ಲಾಗಿನ್ ಆದರೆ ಇನ್ನೊಂದರಿಂದ ಲಾಗ್‌ಔಟ್ ಆಗುತ್ತಿದೆ. ಯಾಕೆ?

ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಜ್ಯಾಂಗೋದ ಸೆಷನ್ ಕುಕಿಯ ಹೆಸರು ಎಲ್ಲ ಕಡೆಯೂ ಸೆಷನ್‌ಐಡಿ. ಎರಡು ಅಪ್ಲಿಕೇಶನ್ ಒಂದೇ ಹೋಸ್ಟ್ ಹೆಸರಿನಲ್ಲಿದ್ದರೆ, ಎರಡನೆಯದು ಕೊಟ್ಟ ಕುಕಿ ಮೊದಲನೆಯದರ ಮೇಲೆ ಕೂರುತ್ತದೆ. ಮೊದಲನೆಯ ಸೈಟಿಗೆ ಆ ಸೆಷನ್ ಗುರುತು ಸಿಗುವುದಿಲ್ಲ, ನಿಮ್ಮನ್ನು ಹೊರಗೆ ಹಾಕುತ್ತದೆ.

'ನನ್ನದು ಬೇರೆ ಬೇರೆ ಪೋರ್ಟ್' ಎನ್ನಬೇಡಿ. ಕುಕಿಗಳಿಗೆ ಪೋರ್ಟ್ ಲೆಕ್ಕಕ್ಕಿಲ್ಲ. ಲೋಕಲ್‌ಹೋಸ್ಟ್‌ನ 8000 ಮತ್ತು 8001 ಎರಡಕ್ಕೂ ಬ್ರೌಸರ್ ಅದೇ ಕುಕಿ ಕಳಿಸುತ್ತದೆ. ಡೆವಲಪ್‌ಮೆಂಟ್ ಮಾಡುವಾಗ ಈ ತೊಂದರೆ ಜಾಸ್ತಿ ಕಾಣುವುದು ಅದಕ್ಕೇ.

ಸೆಷನ್_ಕುಕಿ_ನೇಮ್ ಮತ್ತು ಸಿಎಸ್‌ಆರ್‌ಎಫ್_ಕುಕಿ_ನೇಮ್ ಎರಡನ್ನೂ ಸೈಟಿಗೊಂದರಂತೆ ಬದಲಿಸಿ. ಮೊದಲನೆಯದನ್ನು ಮಾತ್ರ ಬದಲಿಸಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಆಗ ಲಾಗಿನ್ ಉಳಿಯುತ್ತದೆ, ಆದರೆ ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟ ಫಾರ್ಮ್ 403 ಕೊಡುತ್ತದೆ. ಸಿಎಸ್‌ಆರ್‌ಎಫ್ ಕುಕಿಯನ್ನು ಜಾವಾಸ್ಕ್ರಿಪ್ಟ್‌ನಿಂದ ಓದುತ್ತಿದ್ದರೆ ಅಲ್ಲೂ ಹೆಸರು ಬದಲಿಸಬೇಕು. ಒಂದೇ ಡೊಮೇನಿನ ಕೆಳಗೆ ಬೇರೆ ಪಾತ್‌ಗಳಲ್ಲಿ ಸೈಟುಗಳಿದ್ದರೆ ಸೆಷನ್_ಕುಕಿ_ಪಾತ್ ಕೂಡ ನೆರವಾಗುತ್ತದೆ. ನನಗೆ ಹೆಸರು ಬದಲಿಸುವುದೇ ಇಷ್ಟ. ಬ್ರೌಸರಿನ ಕುಕಿ ಪಟ್ಟಿ ತೆರೆದಾಗ ಯಾವುದು ಯಾರದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ನನಗೆ ಉಲ್ಟಾ ಬೇಕು. ಒಮ್ಮೆ ಲಾಗಿನ್ ಆದರೆ ಎರಡೂ ಸೈಟಿನಲ್ಲಿ ನಡೆಯಬೇಕು.

ಎರಡೂ ಒಂದೇ ಮೂಲ ಡೊಮೇನಿನ ಸಬ್‌ಡೊಮೇನ್‌ಗಳಾಗಿದ್ದರೆ ಸಾಧ್ಯ. ಸೆಷನ್_ಕುಕಿ_ಡೊಮೇನ್ ಅನ್ನು ಮೂಲ ಡೊಮೇನಿಗೆ ಇಡಿ. ಕುಕಿ ಹೆಸರು, ಸೆಷನ್ ಸಂಗ್ರಹ, ಯೂಸರ್ ಟೇಬಲ್, ಸೀಕ್ರೆಟ್_ಕೀ ಎಲ್ಲವೂ ಒಂದೇ ಇರಬೇಕು. ಕೀ ಬೇರೆಯಾದರೆ ಲಾಗಿನ್ ನಿಲ್ಲುವುದಿಲ್ಲ. ಆದರೆ ಆ ಮೂಲ ಡೊಮೇನಿನ ಕೆಳಗಿರುವ ಬೇರೆ ಎಲ್ಲ ಸಬ್‌ಡೊಮೇನ್‌ಗಳಿಗೂ ಈ ಕುಕಿ ಹೋಗುತ್ತದೆ. ಅಲ್ಲಿ ಬೇರೆಯವರು ಬರೆದ ಯಾವುದೋ ಹಳೆಯ ಪಿಎಚ್‌ಪಿ ಪುಟ ಕೂತಿದ್ದರೆ ಎರಡು ಸಲ ಯೋಚಿಸಿ.

ಡೊಮೇನ್‌ಗಳೇ ಬೇರೆಯಾದರೆ ಕುಕಿ ಹಂಚಿಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ಆಗ ಒಂದು ಕಡೆ ಆದ ಲಾಗಿನ್ನನ್ನು ಬೇರೆ ಸೈಟುಗಳಿಗೆ ದೃಢಪಡಿಸುವ ಓಪನ್‌ಐಡಿ ಕನೆಕ್ಟ್‌ನಂಥ ವ್ಯವಸ್ಥೆಯೇ ಬೇಕು.

ಡೊಮೇನ್ ಒಂದೇ, ಪಾತ್ ಬೇರೆ ಬೇರೆ. ಲಿಂಕ್‌ಗಳೆಲ್ಲ ತಪ್ಪಾಗುತ್ತಿವೆ.

ತನ್ನ ಮುಂದೆ ಒಂದು ಪಾತ್ ಇದೆ ಎಂದು ಜ್ಯಾಂಗೋಗೆ ಗೊತ್ತಿಲ್ಲ. ಎಂಜಿನ್‌ಎಕ್ಸ್ ಆ ಪಾತ್ ತೆಗೆದುಹಾಕಿ ಕಳಿಸುತ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್_ಸ್ಕ್ರಿಪ್ಟ್_ನೇಮ್ ಇಡಿ. ಸ್ಟ್ಯಾಟಿಕ್_ಯುಆರ್‌ಎಲ್ ಅನ್ನು ಮುಂದಿನ ಸ್ಲ್ಯಾಶ್ ಇಲ್ಲದೆ ಬರೆದರೆ 3.1ರಿಂದ ಈಚೆಗೆ ಅದಕ್ಕೂ ಪಾತ್ ತಾನೇ ಸೇರುತ್ತದೆ. ಟೆಂಪ್ಲೇಟ್‌ನಲ್ಲಿ ಕೈಯಲ್ಲಿ ಬರೆದ ಲಿಂಕ್‌ಗಳು ಮಾತ್ರ ಯಾವ ಸೆಟ್ಟಿಂಗ್‌ಗೂ ಬಗ್ಗುವುದಿಲ್ಲ.

ಸಾಧ್ಯವಿದ್ದರೆ ಸಬ್‌ಡೊಮೇನ್ ತೆಗೆದುಕೊಳ್ಳಿ. ಈ ತಲೆನೋವು ಮತ್ತು ಕುಕಿಯ ತಲೆನೋವು ಎರಡೂ ಹೋಗುತ್ತವೆ.

ಡೇಟಾಬೇಸ್ ಒಂದೇ ಇರಲಾ, ಬೇರೆ ಬೇರೆ ಇರಲಾ?

ಸೈಟಿಗೊಂದು ಪ್ರೊಸೆಸ್ ಇದ್ದು ಮಾಹಿತಿ ಬೇರೆಯಾದರೆ ಡೇಟಾಬೇಸೂ ಬೇರೆ. ಚರ್ಚೆಯೇ ಬೇಡ. ಬ್ಯಾಕಪ್ ಬೇರೆ, ಪಾಸ್‌ವರ್ಡ್ ಬೇರೆ, ಒಂದನ್ನು ನಿಲ್ಲಿಸಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ.

ಒಂದೇ ಪ್ರೊಸೆಸ್‌ನಲ್ಲಿ ಹಲವು ಡೇಟಾಬೇಸ್ ಬೇಕಾದರೆ ರೂಟರ್ ಬರೆಯಬೇಕು. ಯಾವ ಮಾಡೆಲ್ ಎಲ್ಲಿ ಓದಬೇಕು, ಎಲ್ಲಿ ಬರೆಯಬೇಕು, ಎಲ್ಲಿ ಮೈಗ್ರೇಟ್ ಆಗಬೇಕು ಎಂದು ಅದು ಹೇಳುತ್ತದೆ. ಮೊದಲೇ ತಿಳಿದಿರಬೇಕಾದ ಮಿತಿಗಳಿವೆ. ಎರಡು ಡೇಟಾಬೇಸ್‌ಗಳ ನಡುವೆ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ) ನಡೆಯುವುದಿಲ್ಲ. ಲೇಖನ ಒಂದು ಕಡೆ, ಯೂಸರ್ ಇನ್ನೊಂದು ಕಡೆ ಇಡುವ ಯೋಜನೆ ಇಲ್ಲಿಗೇ ಮುಗಿಯಿತು. ಮೈಗ್ರೇಟ್ ಕಮಾಂಡ್ ಒಂದು ಸಲಕ್ಕೆ ಒಂದೇ ಡೇಟಾಬೇಸ್ ಮುಟ್ಟುತ್ತದೆ. ಪ್ರತಿಯೊಂದಕ್ಕೂ ಹೆಸರು ಹೇಳಿ ಓಡಿಸಬೇಕು.

ಎಲ್ಲಕ್ಕಿಂತ ಮೋಸದ್ದು, ಎಲ್ಲಿ ಮೈಗ್ರೇಟ್ ಆಗಬೇಕು ಎಂದು ಹೇಳುವ ರೂಟರಿನ ಅಲೌ_ಮೈಗ್ರೇಟ್. ಅದು 'ಬೇಡ' ಎಂದಾಗ ಜ್ಯಾಂಗೋ ಆ ಕೆಲಸವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಆದರೆ ಮೈಗ್ರೇಶನ್ ಮುಗಿಯಿತು ಎಂದು ಬರೆದುಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ನೀವು ರೂಟರ್ ತಿದ್ದಿ 'ಈಗ ಬೇಕು' ಎಂದರೆ ಟೇಬಲ್ ತಾನಾಗಿ ಹುಟ್ಟುವುದಿಲ್ಲ. ರೂಟರ್ ನಿಯಮಗಳನ್ನು ಮೊದಲ ಮೈಗ್ರೇಟ್‌ಗೆ ಮುಂಚೆಯೇ ತೀರ್ಮಾನಿಸಿ.

ಗ್ರಾಹಕರು ಹಲವರು, ಸೈಟ್ ಎಲ್ಲರಿಗೂ ಒಂದೇ ಥರ ಎಂಬ ಪರಿಸ್ಥಿತಿ ಇದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಕೀಮಾ (ಒಳಗಿನ ಪ್ರತ್ಯೇಕ ವಿಭಾಗ) ಬಳಸುವ ಜ್ಯಾಂಗೋ-ಟೆನೆಂಟ್ಸ್ ಪ್ಯಾಕೇಜ್ ನೋಡಿ. ಡೇಟಾಬೇಸ್ ಒಂದೇ, ಗ್ರಾಹಕರಿಗೊಂದು ಸ್ಕೀಮಾ. ನಾಲ್ಕು ಬೇರೆ ಬೇರೆ ರೀತಿಯ ಸೈಟ್ ಇರುವವರಿಗೆ ಅದು ಹೊಂದುವುದಿಲ್ಲ.

ಒಂದು ಸೈಟಿನ ಮೆನು ಇನ್ನೊಂದರಲ್ಲಿ ಕಾಣಿಸಿತು!

ಬಹುತೇಕ ಕ್ಯಾಶೆ. ಇಡೀ ಪುಟವನ್ನು ಕ್ಯಾಶೆ ಮಾಡುವ ಮಿಡಲ್‌ವೇರ್‌ನ ಕೀಯಲ್ಲಿ (ಕ್ಯಾಶೆಯಲ್ಲಿ ಹುಡುಕುವ ಹೆಸರಿನಲ್ಲಿ) ಡೊಮೇನ್ ಸಮೇತ ಪೂರ್ತಿ ಯುಆರ್‌ಎಲ್ ಇರುತ್ತದೆ, ಅಲ್ಲಿ ತೊಂದರೆ ಇಲ್ಲ. ಟೆಂಪ್ಲೇಟಿನ ಒಂದು ತುಂಡನ್ನು ಕ್ಯಾಶೆ ಮಾಡಿದಾಗ, ಅಥವಾ ಕೋಡಿನಲ್ಲಿ ನೇರವಾಗಿ ಕ್ಯಾಶೆಗೆ ಇಟ್ಟಾಗ, ಕೀ ನೀವು ಕೊಟ್ಟದ್ದೇ. ಎರಡೂ ಸೈಟ್ 'ಮೆನು' ಎಂದು ಕರೆದರೆ ಎರಡಕ್ಕೂ ಒಂದೇ ಮೆನು.

ಬೇರೆ ಪ್ರೊಸೆಸ್‌ಗಳಾದರೆ ಸೈಟಿಗೊಂದು ಕೀ_ಪ್ರಿಫಿಕ್ಸ್ (ಪ್ರತಿ ಕೀಯ ಮುಂದೆ ಸೇರುವ ಹೆಸರು) ಇಡಿ. ಒಂದೇ ಪ್ರೊಸೆಸ್ ಆದರೆ ಪ್ರಿಫಿಕ್ಸ್ ಎಲ್ಲ ಸೈಟಿಗೂ ಒಂದೇ ಆಗುತ್ತದೆ. ಅಲ್ಲಿ ಸೈಟಿನ ಐಡಿಯನ್ನು ಕೀಯೊಳಗೇ ಸೇರಿಸಬೇಕು.

ಪ್ರಿಫಿಕ್ಸ್ ಇಟ್ಟೆವು ಎಂದು ನಿಶ್ಚಿಂತೆಯಿಂದ ಕ್ಯಾಶೆ ಕ್ಲಿಯರ್ ಕರೆಯಬೇಡಿ. ಕ್ಯಾಶೆ ಇಡಲು ರೆಡಿಸ್ ಎಂಬ ಮೆಮೊರಿ ಡೇಟಾಬೇಸ್ ಬಳಸುತ್ತಿದ್ದರೆ ಜ್ಯಾಂಗೋದ ರೆಡಿಸ್ ಬ್ಯಾಕೆಂಡ್ ಆಗ ಪ್ರಿಫಿಕ್ಸ್ ನೋಡುವುದಿಲ್ಲ, ಆ ರೆಡಿಸ್ ಡೇಟಾಬೇಸನ್ನೇ ಖಾಲಿ ಮಾಡುತ್ತದೆ. ಸೆಷನ್‌ಗಳೂ ಅಲ್ಲೇ ಇದ್ದರೆ ಎಲ್ಲ ಸೈಟಿನ ಎಲ್ಲರೂ ಹೊರಗೆ. ರೆಡಿಸ್ ಜೊತೆಗೆ 16 ಡೇಟಾಬೇಸ್ ಮೊದಲಿಂದಲೂ ಬರುತ್ತವೆ. ಸೈಟಿಗೊಂದು ಸಂಖ್ಯೆ ಕೊಡಿ.

ಟೆಂಪ್ಲೇಟ್ ಮತ್ತು ಸ್ಟ್ಯಾಟಿಕ್ ಫೈಲ್‌ಗಳು ಬೆರೆತುಹೋಗುತ್ತವೆ.

ಎರಡರಲ್ಲೂ ನಿಯಮ ಒಂದೇ: ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ಆ್ಯಪ್ ಒಳಗಿನ ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ಆ್ಯಪ್ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ ಅದರೊಳಗೆ ಇಡಿ. ಸ್ಟ್ಯಾಟಿಕ್‌ಗೂ ಹಾಗೇ. ಸೈಟಿಗೊಂದು ಸೆಟ್ಟಿಂಗ್ಸ್ ಇದ್ದರೆ ಸ್ಟ್ಯಾಟಿಕ್_ರೂಟ್ ಮತ್ತು ಮೀಡಿಯಾ_ರೂಟ್ ಕೂಡ ಬೇರೆ ಮಾಡಿ.

ಸೆಲರಿ ಕೆಲಸಗಳು ಕೆಲವೊಮ್ಮೆ ಕಾಣೆಯಾಗುತ್ತವೆ.

ಸೆಲರಿ ಅಂದರೆ ಕೆಲಸಗಳನ್ನು ಕ್ಯೂಗೆ ಹಾಕಿ ಹಿನ್ನೆಲೆಯಲ್ಲಿ ನಡೆಸುವ ಸಾಧನ. ಅದರ ಡಿಫಾಲ್ಟ್ ಕ್ಯೂ ಹೆಸರೂ ಸೆಲರಿಯೇ. ಎರಡು ಸೈಟ್ ಒಂದೇ ಬ್ರೋಕರ್‌ಗೆ (ಕ್ಯೂಗಳನ್ನು ಇಟ್ಟುಕೊಳ್ಳುವ ಸರ್ವರ್‌ಗೆ) ಜೋತುಬಿದ್ದರೆ ಒಂದರ ಕೆಲಸ ಇನ್ನೊಂದರ ವರ್ಕರ್ ಕೈಗೆ ಹೋಗುತ್ತದೆ. ಅದಕ್ಕೆ ಆ ಕೆಲಸ ಗೊತ್ತಿಲ್ಲದಿದ್ದರೆ ಲಾಗ್‌ನಲ್ಲಿ ಒಂದು ಎರರ್ ಬರೆದು ಎಸೆದುಬಿಡುತ್ತದೆ. ಕೋಡ್ ಒಂದೇ ಆಗಿದ್ದರೆ ಇನ್ನೂ ಕೆಟ್ಟದು. ಕೆಲಸ ನಡೆಯುತ್ತದೆ, ಆದರೆ ತಪ್ಪು ಡೇಟಾಬೇಸ್ ಮೇಲೆ. ಸೈಟಿಗೊಂದು ಕ್ಯೂ ಹೆಸರು ಕೊಡಿ, ವರ್ಕರ್‌ಗೂ ಆ ಕ್ಯೂ ಮಾತ್ರ ನೋಡಲು ಹೇಳಿ. ಬ್ರೋಕರ್ ರೆಡಿಸ್ ಆದರೆ ಡೇಟಾಬೇಸ್ ಸಂಖ್ಯೆಯನ್ನೂ ಬೇರೆ ಮಾಡಿ.

ಅಡ್ಮಿನ್ ಎರಡು ಇಡಬಹುದಾ?

ಇಡಬಹುದು. ಅಡ್ಮಿನ್‌ಸೈಟ್ ಕ್ಲಾಸಿನಿಂದ ಎರಡು ಆಬ್ಜೆಕ್ಟ್ ಮಾಡಿ, ಬೇರೆ ಹೆಸರು ಕೊಟ್ಟು, ಬೇಕಾದ ಮಾಡೆಲ್‌ಗಳನ್ನು ಮಾತ್ರ ಒಂದೊಂದರಲ್ಲಿ ನೋಂದಾಯಿಸಿ. ಆದರೆ ಇದು ನೋಟಕ್ಕೆ ಮಾತ್ರ ಗೋಡೆ. ಯಾರು ಏನು ನೋಡಬಹುದು ಎಂಬ ಅನುಮತಿಗಳು ಯೂಸರ್ ಟೇಬಲ್‌ನಲ್ಲಿ ಎರಡಕ್ಕೂ ಒಂದೇ.

ಗುನಿಕಾರ್ನ್‌ಗೆ ಎಷ್ಟು ವರ್ಕರ್ ಕೊಡಬೇಕು?

ಸಿಪಿಯು ಕೋರ್‌ಗಳ ಎರಡರಷ್ಟಕ್ಕೆ ಒಂದು ಸೇರಿಸಿ ಎಂದು ಗುನಿಕಾರ್ನ್ ದಾಖಲೆ ಹೇಳುತ್ತದೆ. 4 ಕೋರ್‌ಗೆ 9. ಅದು ಇಡೀ ಮೆಷೀನ್‌ನ ಲೆಕ್ಕ, ಸೈಟಿಗೊಂದರ ಲೆಕ್ಕವಲ್ಲ. ಮೂರು ಸೈಟಿಗೂ 9 ಕೊಟ್ಟರೆ 27 ವರ್ಕರ್‌ಗಳು ಮೆಮೊರಿ ತಿನ್ನುತ್ತ ಕೂರುತ್ತವೆ. ಜನ ಜಾಸ್ತಿ ಬರುವ ಸೈಟಿಗೆ 5, ಉಳಿದವಕ್ಕೆ 2ರಂತೆ ಹಂಚಿ ಶುರು ಮಾಡಿ.

ಡೇಟಾಬೇಸ್ ಕನೆಕ್ಷನ್ ಕೂಡ ಎಣಿಸಿ. ಪೋಸ್ಟ್‌ಗ್ರೆಸ್ ಡಿಫಾಲ್ಟ್ ಆಗಿ 100 ಕನೆಕ್ಷನ್ ಬಿಡುತ್ತದೆ. ಕನೆಕ್ಷನ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವ ಕಾನ್_ಮ್ಯಾಕ್ಸ್_ಏಜ್ ಹೆಚ್ಚಿಸಿದ್ದರೆ ಪ್ರತಿ ವರ್ಕರ್‌ನ ಪ್ರತಿ ಥ್ರೆಡ್ ತಲಾ ಒಂದನ್ನು ಹಿಡಿದುಕೊಂಡೇ ಇರುತ್ತದೆ. ಸೆಲರಿ ವರ್ಕರ್‌ಗಳನ್ನು ಈ ಲೆಕ್ಕದಲ್ಲಿ ಮರೆಯುವುದು ವಾಡಿಕೆ.

ನನ್ನ ಕಂಪ್ಯೂಟರ್‌ನಲ್ಲಿ ಹಲವು ಡೊಮೇನ್ ಪರೀಕ್ಷಿಸುವುದು ಹೇಗೆ?

ಲೋಕಲ್‌ಹೋಸ್ಟ್‌ನ ಮುಂದೆ ಸೈಟಿನ ಹೆಸರು ಮತ್ತು ಚುಕ್ಕಿ ಹಾಕಿ ತೆರೆಯಿರಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ನಿಮ್ಮ ಮೆಷೀನಿಗೇ ತಿರುಗಿಸುತ್ತವೆ. ಡೀಬಗ್ ಆನ್ ಇದ್ದು ಅಲೌಡ್_ಹೋಸ್ಟ್ಸ್ ಖಾಲಿ ಇದ್ದರೆ ಜ್ಯಾಂಗೋ ಅದನ್ನು ಒಪ್ಪುತ್ತದೆ. ಹೋಸ್ಟ್ಸ್ ಫೈಲ್ ತಿದ್ದುವ ಕೆಲಸ ಬೇಡ. ಟೆಸ್ಟ್ ಬರೆಯುವಾಗ ಟೆಸ್ಟ್ ಕ್ಲೈಂಟ್‌ಗೆ ಹೋಸ್ಟ್ ಹೆಡರ್ ಕೊಡಿ. ಒಂದು ಸೈಟಿನ ಪುಟವನ್ನು ಇನ್ನೊಂದರ ಡೊಮೇನಿನಲ್ಲಿ ಕೇಳಿದಾಗ 404 ಬರುತ್ತದೆಯೇ ಎಂದು ನೋಡುವ ಟೆಸ್ಟ್ ತಪ್ಪದೆ ಇರಲಿ. 'ಸರಿಯಾಗಿ ಬರುತ್ತದೆ' ಎಂಬ ಟೆಸ್ಟ್ ಎಲ್ಲರೂ ಬರೆಯುತ್ತಾರೆ. 'ಬರಬಾರದ ಕಡೆ ಬರುವುದಿಲ್ಲ' ಎಂಬುದನ್ನು ಕಡಿಮೆ ಜನ ಬರೆಯುತ್ತಾರೆ.

ಯಾವಾಗ ಬೇರೆ ಮಾಡಬೇಕು?

ಒಂದು ಸೈಟಿನ ಸಣ್ಣ ತಿದ್ದುಪಡಿಗೆ ಇನ್ನೊಂದು ಸೈಟಿನವರಿಗೆ ಮುಂಚೆ ತಿಳಿಸಬೇಕಾಗಿ ಬಂದಾಗ. ಒಂದು ಹೊಸ ಜ್ಯಾಂಗೋ ಕೇಳುತ್ತಿದ್ದು, ಇನ್ನೊಂದರ ಯಾವುದೋ ಪ್ಯಾಕೇಜ್ ಹಳೆಯದರಲ್ಲೇ ನಿಂತಾಗ. ಒಂದರ ಭಾರಕ್ಕೆ ಇನ್ನೊಂದು ಕುಸಿದಾಗ. ಈ ಮೂರರಲ್ಲಿ ಒಂದಾದರೂ ಮತ್ತೆ ಮತ್ತೆ ಆಗುತ್ತಿದ್ದರೆ ಮೊದಲು ಪ್ರೊಸೆಸ್ ಬೇರೆ ಮಾಡಿ, ಆಮೇಲೆ ಡೇಟಾಬೇಸ್, ಕೊನೆಗೆ ವರ್ಚುವಲ್ ಎನ್ವಿರಾನ್‌ಮೆಂಟ್ ಮತ್ತು ಕೋಡ್. ಸೆಟ್ಟಿಂಗ್ಸ್ ಫೈಲ್‌ಗಳು ಆಗಲೇ ಬೇರೆ ಇದ್ದರೆ ಪ್ರೊಸೆಸ್ ಬೇರೆ ಮಾಡಲು ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ಡೇಟಾಬೇಸ್ ಬಿಡಿಸುವುದೇ ನಿಧಾನದ ಕೆಲಸ. ಎರಡೂ ಸೈಟಿನ ಮಾಡೆಲ್‌ಗಳ ನಡುವೆ ಇರುವ ಫಾರಿನ್ ಕೀಗಳನ್ನು ಒಂದೊಂದಾಗಿ ಪಟ್ಟಿ ಮಾಡುವುದರಿಂದ ಅದನ್ನು ಶುರು ಮಾಡಿ.